ತೂತಿಲ್ಲದ ಪ್ರಶ್ನೆಪತ್ರಿಕೆ

ಇಪ್ಪತ್ತೆರಡು ವರ್ಷ ನಾನು ಮಕ್ಕಳಿಗೆ ತೂತು ಬಿದ್ದ ಪ್ರಶ್ನೆಪತ್ರಿಕೆ ಕೊಟ್ಟಿದ್ದೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಒಮ್ಮೆ ಹೇಳದೆ ಸುಮ್ಮನೆ ಕೂತಿದ್ದೆನಲ್ಲ, ಆ ನಾಚಿಕೆ ಇದಕ್ಕಿಂತ ದೊಡ್ಡದು. ಆದ್ದರಿಂದ ಹೇಳಿಯೇ ಬಿಡುತ್ತೇನೆ.

ನಾನು ಹುನಗುಂದದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಮನೆ ಇಳಕಲ್ಲಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು. ಪರೀಕ್ಷೆ ಬಂತೆಂದರೆ ಪ್ರಶ್ನೆಗಳನ್ನು ಕೈಯಲ್ಲಿ ಬರೆದುಕೊಂಡು ಹುನಗುಂದದ ಬಸ್‌ಸ್ಟ್ಯಾಂಡಿನ ಬಳಿಯ ಟೈಪಿಂಗ್ ಅಂಗಡಿಗೆ ಕೊಡುತ್ತಿದ್ದೆ. ಅಂಗಡಿಯವರು ನನಗಿಂತ ಹಿರಿಯರು, ಕನ್ನಡ ಟೈಪಿಂಗಿನಲ್ಲಿ ಅವರನ್ನು ಮೀರಿಸುವವರು ತಾಲೂಕಿನಲ್ಲಿ ಇಲ್ಲ. ಕೋರ್ಟಿನ ಅರ್ಜಿ, ಮದುವೆಯ ಪತ್ರಿಕೆ, ಸಂಘದ ಠರಾವು, ಎಲ್ಲ ಅವರ ಬೆರಳಲ್ಲೇ. ಅಡ್ಡಿ ಇದ್ದದ್ದು ಗಣಿತಕ್ಕೆ ಮಾತ್ರ. ಅವರು ಬಳಸುತ್ತಿದ್ದ ಹಳೆಯ ಕನ್ನಡ ಫಾಂಟಿನಲ್ಲಿ ಕೀಬೋರ್ಡಿನ ಎಲ್ಲ ಗುಂಡಿಗಳನ್ನೂ ಕನ್ನಡದ ಒತ್ತು, ಕೊಂಬು, ದೀರ್ಘಗಳೇ ಹಿಡಿದುಕೊಂಡಿದ್ದವು. ವರ್ಗಮೂಲದ ಚಿಹ್ನೆಗೆ, ಕೋನಕ್ಕೆ, ಡಿಗ್ರಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಚಿಹ್ನೆ ಬಂದಲ್ಲೆಲ್ಲ ಅವರು ಸ್ಪೇಸ್ ಬಾರನ್ನು ಐದು ಸಲ ಹೊಡೆದು ಮುಂದಕ್ಕೆ ಹೋಗುತ್ತಿದ್ದರು.

ಪ್ರಿಂಟು ಬಂದ ಮೇಲೆ ನಾವು ಮಾಸ್ತರು, ಅಕ್ಕಾರು ಎನಿಸಿಕೊಳ್ಳುವ ಶಿಕ್ಷಕಿಯರು ಕಪ್ಪು ಪೆನ್ನು ಹಿಡಿದು ಕೂರಬೇಕು. ಖಾಲಿ ಬಿಟ್ಟಲ್ಲೆಲ್ಲ ಚಿಹ್ನೆ ಬರೆಯಬೇಕು. ಆಮೇಲೆ ಝೆರಾಕ್ಸ್. ಇದಕ್ಕೆ ನಾವು ಇಟ್ಟುಕೊಂಡ ಹೆಸರು ತೂತು ಮುಚ್ಚುವುದು. ನಾನು ಬರೆಯುವ ವರ್ಗಮೂಲದ ಗೆರೆ ಎಷ್ಟು ನೀಟಾಗಿರುತ್ತಿತ್ತೆಂದರೆ ಬೇರೆ ಶಾಲೆಯವರೂ ತಮ್ಮ ಪತ್ರಿಕೆ ತಂದು ನನ್ನ ಕೈಯಲ್ಲೇ ತೂತು ಮುಚ್ಚಿಸಿಕೊಂಡು ಹೋಗುತ್ತಿದ್ದರು. ನನಗದು ಹೆಮ್ಮೆ. ಈಗ ಯೋಚಿಸಿದರೆ ನಗು ಬರುತ್ತದೆ, ಹರಿದ ಸೀರೆಯ ತೇಪೆ ಚೆನ್ನಾಗಿದೆಯೆಂದು ಹೊಗಳಿಸಿಕೊಂಡಂತೆ.

ಮಕ್ಕಳಿಗೂ ಅಭ್ಯಾಸವಾಗಿತ್ತು. ಒಂದೆರಡು ತೂತು ನಮ್ಮ ಕಣ್ಣು ತಪ್ಪಿ ಉಳಿದೇ ಉಳಿಯುತ್ತಿದ್ದವು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅವರು ಮೊದಲು ಮಾಡುತ್ತಿದ್ದದ್ದು ಪೆನ್ನಿನ ತುದಿಯನ್ನು ಸಾಲುಗಳ ಮೇಲೆ ಆಡಿಸಿಕೊಂಡು ತೂತು ಹುಡುಕುವುದು. B = 90 ಎಂದಿದ್ದರೆ ಹಿಂದೆ ಕೋನ, ಮುಂದೆ ಡಿಗ್ರಿ ತಾವೇ ಹಾಕಿಕೊಳ್ಳುತ್ತಿದ್ದರು. ನಾವೂ ಅದನ್ನು ಜಾಣತನ ಎಂದು ಮೆಚ್ಚಿಕೊಂಡಿದ್ದೆವು. ಇಂಗ್ಲಿಷ್ ಮಾಧ್ಯಮದವರ ಪತ್ರಿಕೆ ಅದೇ ಅಂಗಡಿಯಲ್ಲಿ, ಅದೇ ಮಶೀನಿನಲ್ಲಿ, ಒಂದು ತೂತೂ ಇಲ್ಲದೆ ಬರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವರ್ಷ ಹತ್ತನೆಯ ತರಗತಿಯ ಮೊದಲ ಪೂರ್ವಸಿದ್ಧತಾ ಪರೀಕ್ಷೆಗೆ ಸುತ್ತಲಿನ ಶಾಲೆಗಳಿಗೆಲ್ಲ ಸೇರಿ ಒಂದೇ ಗಣಿತ ಪತ್ರಿಕೆ ಮಾಡುವುದೆಂದಾಯಿತು. ಪತ್ರಿಕೆ ತೆಗೆಯುವ ಕೆಲಸ ನನಗೆ ಬಂತು. ಅಂಗಡಿಯವರು ಟೈಪ್ ಮಾಡಿ ಪ್ರಿಂಟು ಕೊಟ್ಟರು. ಮೂರನೆಯ ಪುಟ ಮಸುಕಾಗಿ ಬಂದಿತ್ತೆಂದು ಅದನ್ನು ಇನ್ನೊಮ್ಮೆ ತೆಗೆದರು. ನಾನು ಬೆಂಚಿನ ಮೇಲೆ ಕೂತು ಒಂದೊಂದಾಗಿ ತೂತು ಮುಚ್ಚಿದೆ. ಬಸ್ಸಿಗೆ ಹೊತ್ತಾಗಿತ್ತು. ಮೂರನೆಯ ಪುಟದ ಚಿಹ್ನೆಗಳನ್ನು ಬರೆದದ್ದು ಮಸುಕಾದ ಹಾಳೆಯ ಮೇಲೆ. ಕಟ್ಟಿನಲ್ಲಿ ಇಟ್ಟು ಕೊಟ್ಟದ್ದು ಹೊಸ ಹಾಳೆಯನ್ನು. ಮಸುಕಾದದ್ದು ನನ್ನ ಚೀಲದಲ್ಲೇ ಇಳಕಲ್ಲಿಗೆ ಬಂತು. ಪರೀಕ್ಷೆಯ ದಿನ ಬೆಳಿಗ್ಗೆ ಕನ್ನಡಕದ ಡಬ್ಬಿ ಹುಡುಕಲು ಚೀಲಕ್ಕೆ ಕೈ ಹಾಕಿದಾಗ ಅದು ಸಿಕ್ಕಿತು. ಆಗ ನಾನು ಬಸ್ಸಿನಲ್ಲಿದ್ದೆ, ಪತ್ರಿಕೆಗಳು ಎಲ್ಲ ಶಾಲೆಗಳಿಗೆ ತಲುಪಿ ಆಗಿತ್ತು. ಹಾಳೆಯನ್ನು ಮತ್ತೆ ಚೀಲಕ್ಕೆ ಹಾಕಿದೆ, ಶಾಲೆ ಮುಟ್ಟುವಷ್ಟರಲ್ಲಿ ಮಕ್ಕಳು ಬರೆಯಲು ಕೂತಿದ್ದರು.

ಆ ಪುಟದಲ್ಲಿ ಮೂರು ಪ್ರಶ್ನೆಗಳಿದ್ದವು. ಮೊದಲನೆಯದು √49 + √16 ಎಷ್ಟು ಎಂದು. ಮಕ್ಕಳಿಗೆ ಕಂಡದ್ದು ಬರೀ 49 + 16, ಕೋನ, ಡಿಗ್ರಿಯಂತೆ ಊಹಿಸಿ ತುಂಬಲು ಅಲ್ಲಿ ಸುಳಿವೇ ಇರಲಿಲ್ಲ. ಹತ್ತನೆಯ ತರಗತಿಯವರಿಗೆ ಇಷ್ಟು ಸುಲಭದ ಲೆಕ್ಕ ಯಾಕೆ ಕೇಳುತ್ತಾರೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಬಹುಪಾಲು ಮಂದಿ ಅರವತ್ತೈದು ಬರೆದರು. ಬರಬೇಕಾದದ್ದು ಹನ್ನೊಂದು. ಎರಡನೆಯದು x² − 5x + 6 = 0. ಮೇಲಿನ ಎರಡು ಮಾಯವಾಗಿ ಅದು x − 5x + 6 = 0 ಆಯಿತು. ಪಾಪ, ಅದನ್ನೂ ಬಿಡಿಸಿ ಒಂದೂವರೆ ಎಂದು ಬರೆದಿದ್ದರು. ಮೂರನೆಯದರಲ್ಲಿ ಎರಡು ತ್ರಿಭುಜಗಳು ಸಮರೂಪವೆಂದು ಹೇಳುವ ಚಿಹ್ನೆಯೇ ಇರಲಿಲ್ಲ. ಅಲ್ಲಿ ಒಬ್ಬೊಬ್ಬರು ತಮಗೆ ತೋಚಿದ್ದನ್ನು ತುಂಬಿಕೊಂಡಿದ್ದರು.

ನನ್ನ ತರಗತಿಯ ಒಬ್ಬ ಹುಡುಗಿ ಮಾತ್ರ ಏನನ್ನೂ ತುಂಬಿಕೊಳ್ಳಲಿಲ್ಲ. ಸಮೀಪದ ಹಳ್ಳಿಯಿಂದ ಬರುವವಳು, ಕುರಿ ಸಾಕುವ ಮನೆ, ಬೀರಪ್ಪ ದೇವರ ಒಕ್ಕಲು. ತರಗತಿಯಲ್ಲಿ ಮಾತು ಕಡಿಮೆ, ಲೆಕ್ಕ ಮಾತ್ರ ಸೀದಾ. ಅವಳು ಆ ಮೂರು ಪ್ರಶ್ನೆಗಳಿಗೂ ಸೇರಿಸಿ ಉತ್ತರಪತ್ರಿಕೆಯಲ್ಲಿ ಒಂದೇ ಮಾತು ಬರೆದಿದ್ದಳು: ‘ಪ್ರಶ್ನೆಯಲ್ಲಿ ಚಿಹ್ನೆ ಇಲ್ಲ. ಚಿಹ್ನೆ ಕೊಟ್ಟರೆ ಉತ್ತರ ಬರೆಯುತ್ತೇನೆ.’

ನಮ್ಮಲ್ಲಿ ಒಂದು ಶಾಲೆಯ ಉತ್ತರಪತ್ರಿಕೆಗಳನ್ನು ಇನ್ನೊಂದು ಶಾಲೆಯವರು ನೋಡುತ್ತಾರೆ. ಅವಳ ಪತ್ರಿಕೆ ನೋಡಿದ ಮಾಸ್ತರು ಮೂರಕ್ಕೂ ಸೊನ್ನೆ ಸುತ್ತಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಉದ್ಧಟತನ’ ಎಂದು ಬರೆದು ಕಳಿಸಿದರು.

ಅದಾದ ಮೇಲೆ ಸಭೆ ಸೇರಿತು. ಸಭೆಯ ಮುಖ್ಯಸ್ಥರು ಪಕ್ಕದ ಶಾಲೆಯ ಹಿರಿಯ ಹೆಡ್‌ಮಾಸ್ತರು. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಾಗಿ ಎಲ್ಲವೂ ಸಾಕಾಗಿದ್ದವರು. ತಪ್ಪು ಹೇಗಾಯಿತೆಂದು ಕೇಳಿದರು. ಟೈಪಿಂಗ್ ಅಂಗಡಿಯವರದೇ ತಪ್ಪಿರಬೇಕೆಂದು ಯಾರೋ ಅಂದರು. ಎಲ್ಲರೂ ತಲೆಯಾಡಿಸಿದರು. ಮಸುಕಾದ ಆ ಹಾಳೆ ಆಗಲೂ ನನ್ನ ಚೀಲದಲ್ಲೇ ಇತ್ತು, ಚೀಲ ನನ್ನ ಕಾಲ ಬಳಿಯೇ ಇತ್ತು. ನಾನು ಬಾಯಿ ಬಿಡಲಿಲ್ಲ. ತಪ್ಪಿಲ್ಲದ ಕೈ ಎಂದು ಇಪ್ಪತ್ತೆರಡು ವರ್ಷ ಹೆಸರು ಮಾಡಿದ್ದೆನಲ್ಲ, ಆ ಹೆಸರು ನನ್ನ ಬಾಯಿಗೆ ಬೀಗ ಹಾಕಿತು. ಬೇಕಾದರೆ ಹೇಡಿತನ ಅನ್ನಿ, ನಾನೂ ಅದನ್ನೇ ಅನ್ನುತ್ತೇನೆ.

ಸಭೆ ಎರಡು ತೀರ್ಮಾನ ಮಾಡಿತು. ಒಂದು, ಆ ಹುಡುಗಿ ಮನೆಯವರನ್ನು ಕರೆತಂದು, ಪ್ರಾರ್ಥನೆಯ ವೇಳೆ ಎಲ್ಲರೆದುರು ಕ್ಷಮೆ ಕೇಳಬೇಕು. ಎರಡು, ಮುಂದಿನ ತಿಂಗಳ ಎರಡನೆಯ ಪೂರ್ವಸಿದ್ಧತಾ ಪರೀಕ್ಷೆಗೆ ಕನ್ನಡ ಮಾಧ್ಯಮದ ಪತ್ರಿಕೆಯಲ್ಲಿ ಚಿಹ್ನೆ ಬೇಕಾಗುವ ಪ್ರಶ್ನೆಗಳನ್ನೇ ಹಾಕಬಾರದು. ವ್ಯಾಖ್ಯೆ ಕೇಳಿ, ಪ್ರಮೇಯದ ಹೇಳಿಕೆ ಕೇಳಿ, ಬಿಟ್ಟ ಸ್ಥಳ ತುಂಬಿ ಎನ್ನಿ. ಅದನ್ನು ಆ ಹಿರಿಯ ಹೆಡ್‌ಮಾಸ್ತರು ಸಮಾಧಾನದ ದನಿಯಲ್ಲೇ ಹೇಳಿದರು.

“ಕನ್ನಡದಾಗ ಈ ಚಿಹ್ನಿ ಬರೂದಿಲ್ರಿ ಮೇಡಮ್ಮರ. ಬರಲಾರದ್ದಕ್ಕ ಹಟಾ ಮಾಡಿ ಏನ್ ಮಾಡೂದು?”

ಕನ್ನಡದಲ್ಲಿ ಬರುವುದಿಲ್ಲ. ಆ ಮಾತು ನನ್ನ ಮೈಗೆ ಹತ್ತಿತು. ಅಂಗಡಿಯ ಒಂದು ಮಶೀನಿನಲ್ಲಿ ಬರುವುದಿಲ್ಲ ಎಂದಿದ್ದರೆ ಒಪ್ಪಬಹುದಿತ್ತು. ನನ್ನ ಮಕ್ಕಳು ಬೋರ್ಡಿನ ಪರೀಕ್ಷೆಗೆ ಹೋದಾಗ ಅಲ್ಲಿ ವರ್ಗಮೂಲವೂ ಇರುತ್ತದೆ, ಕೋನವೂ ಇರುತ್ತದೆ. ಅಲ್ಲಿಯ ತನಕ ಇವರಿಗೆ ಬರೀ ವ್ಯಾಖ್ಯೆ ಬಾಯಿಪಾಠ ಮಾಡಿಸಿ ಕಳಿಸಬೇಕೇ? ಇಷ್ಟೆಲ್ಲ ಸಿಟ್ಟು ಬಂದರೂ ಆ ದಿನ ನಾನು ಎದ್ದು ನಿಲ್ಲಲಿಲ್ಲ. ನಿಂತರೆ ಚೀಲದಲ್ಲಿದ್ದ ಹಾಳೆಯನ್ನೂ ತೆಗೆಯಬೇಕಾಗುತ್ತಿತ್ತು.

ಎರಡು ದಿನ ಬಿಟ್ಟು ಹುಡುಗಿಯ ತಾಯಿ ಬಂದಳು. ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಮೊದಲ ಬಸ್ಸಿಗೆ ಬಂದಿದ್ದಳಂತೆ. ನಮ್ಮ ಶಾಲೆಯ ಆಫೀಸಿನಲ್ಲಿ ನಾನು, ನಮ್ಮ ಹೆಡ್‌ಮಾಸ್ತರು, ಬಾಗಿಲ ಬಳಿ ಹುಡುಗಿ. ಆಕೆಗೆ ಓದು ಬಾರದು. ಮಗಳು ಏನು ತಪ್ಪು ಬರೆದಿದ್ದಾಳೆಂದು ಕೇಳಿದಳು. ನಾನು ಉತ್ತರಪತ್ರಿಕೆ ತೆಗೆದು ಓದಿ ಹೇಳಿದೆ. ಇನ್ನೊಮ್ಮೆ ಓದಿರಿ ಎಂದಳು. ಓದಿದೆ. ಆಕೆ ದನಿ ಏರಿಸದೆ ಕೇಳಿದಳು.

“ಕೊಟ್ರ ಬರೀತೇನಿ ಅಂದಾಳಲ್ರಿ. ಕೊಡ್ರಿ ಮತ್ತ.”

ನಮ್ಮ ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು, ಎರಡನೆಯ ಪರೀಕ್ಷೆ ಮುಗಿಯಲಿ, ಆಮೇಲೆ ಕ್ಷಮೆಯ ವಿಚಾರ ನೋಡೋಣ ಎಂದು ಕಳಿಸಿಕೊಟ್ಟರು. ತಾಯಿ ಹೋಗುವಾಗ ನನಗೆ ಕೈ ಮುಗಿದಳು. ಅವಳು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅಂದು ಮಧ್ಯಾಹ್ನವೇ ನಾನು ಕಂಪ್ಯೂಟರ್ ಕೋಣೆಯ ಕೀಲಿ ಕೇಳಿದೆ. ನಮ್ಮ ಶಾಲೆಗೆ ಹಿಂದೆ ಯಾವಾಗಲೋ ಸರಕಾರದಿಂದ ಹತ್ತು ಕಂಪ್ಯೂಟರುಗಳು ಬಂದಿದ್ದವು. ಅವುಗಳಲ್ಲಿ ಇದ್ದದ್ದು ಲಿನಕ್ಸ್ ಎಂಬ ಬೇರೆ ಬಗೆಯ ವ್ಯವಸ್ಥೆ. ಅದರ ಬಗ್ಗೆ ಬಾಗಲಕೋಟೆಯಲ್ಲಿ ಮೂರು ದಿನದ ತರಬೇತಿಯೂ ಆಗಿತ್ತು. ನಾನು ಹೋಗಿ ಮೂರು ದಿನವೂ ಚಹಾ ಕುಡಿದು, ಪಟ್ಟಿಯಲ್ಲಿ ಸಹಿ ಮಾಡಿ ಬಂದಿದ್ದೆ. ಅಂಗಡಿಯವರ ಕನ್ನಡ ಫಾಂಟು ಇದರಲ್ಲಿ ನಡೆಯುವುದಿಲ್ಲ ಎಂದ ಮೇಲೆ ಆ ಕೋಣೆಗೆ ಬೀಗ ಬಿದ್ದು, ಒಳಗೆ ವಾಲಿಬಾಲಿನ ಬಲೆ, ಮುರಿದ ಬೆಂಚು, ಸ್ವಾತಂತ್ರ್ಯ ದಿನಾಚರಣೆಯ ಬಾವುಟದ ಕೋಲುಗಳು ಸೇರಿಕೊಂಡಿದ್ದವು. ಶಾಲೆಯ ಸಿಪಾಯಿ ಬೀಗ ತೆಗೆಯುತ್ತಾ, ಏನು ಬೇಕಾಗಿತ್ತು ಅಕ್ಕಾರ, ಬಲೆಯೇನು ಎಂದು ಕೇಳಿದ. ಹತ್ತರಲ್ಲಿ ನಾಲ್ಕು ಮಶೀನು ಚಾಲೂ ಆದವು. ಅವುಗಳಲ್ಲಿ ಒಂದಕ್ಕೆ ಮಾತ್ರ ಎಲ್ಲ ಗುಂಡಿಗಳಿದ್ದ ಕೀಬೋರ್ಡು.

ಕನ್ನಡ ಟೈಪ್ ಮಾಡುವುದು ತಡವಾಗಲಿಲ್ಲ. ಮೊಬೈಲಿನಲ್ಲಿ ಮಾಡುತ್ತಿದ್ದೆನಲ್ಲ, ಅದೇ ಬಗೆ. ಚಿಹ್ನೆಯ ದಾರಿ ಮಾತ್ರ ಹುಡುಕಬೇಕಾಯಿತು. ಊಟದ ಬಿಡುವಿನಲ್ಲಿ, ಬಿಡುವಿನ ಪಿರಿಯಡ್‌ಗಳಲ್ಲಿ ಹೋಗಿ ಕೂತೆ. ಮೊಬೈಲಿನಲ್ಲಿ ಓದುವುದು, ಇಲ್ಲಿ ಒತ್ತಿ ನೋಡುವುದು. ಮೂರನೆಯ ದಿನ ಸಿಕ್ಕಿತು. ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಯು ಒತ್ತಬೇಕು. ಪರದೆಯ ಮೇಲೆ ಕೆಳಗೆರೆ ಹಾಕಿದ ಪುಟ್ಟ u ಒಂದು ಬಂದು ಕಾಯುತ್ತಾ ನಿಲ್ಲುತ್ತದೆ. ಆಗ 221a ಎಂದು ಹೊಡೆದು ಸ್ಪೇಸ್ ಒತ್ತಬೇಕು. ಒತ್ತಿದೆ.

√

ನಾನು ಕುರ್ಚಿಯಿಂದ ಎದ್ದು ನಿಂತೆ. ‘ಕೆಳಗಿನವುಗಳ ಬೆಲೆ ಕಂಡುಹಿಡಿಯಿರಿ’ ಎಂಬ ಕನ್ನಡ ಸಾಲಿನ ಪಕ್ಕದಲ್ಲಿ, ಅದೇ ಕಪ್ಪಿನಲ್ಲಿ, ಅದೇ ಎತ್ತರದಲ್ಲಿ ಅದು ನಿಂತಿತ್ತು. ಐದು ಸಲ ಸ್ಪೇಸ್ ಬಾರನ್ನು ಹೊಡೆಯುತ್ತಿದ್ದರಲ್ಲ, ಆ ಸ್ಪೇಸ್ ಬಾರನ್ನು ಒಂದೇ ಸಲ ಒತ್ತಿದ್ದಕ್ಕೆ ಬಂದಿತ್ತು. ಕನ್ನಡದಲ್ಲಿ ಬರುವುದಿಲ್ಲ ಎಂದವರನ್ನು ಆಗಲೇ ಕರೆತಂದು ತೋರಿಸಬೇಕೆನಿಸಿತು. ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟು ವರ್ಷ ಇದು ಬಲೆಯ ಹಿಂದೆ, ಬೀಗದ ಒಳಗೆ ಇತ್ತು, ಬೀಗದ ಹೊರಗೆ ನಾನು ಪೆನ್ನು ಹಿಡಿದುಕೊಂಡು ಹೆಮ್ಮೆ ಪಡುತ್ತಿದ್ದೆ.

ಒಂದು ನೋಟ್‌ಬುಕ್ಕಿನಲ್ಲಿ ಚಿಹ್ನೆಗಳನ್ನೂ ಅವುಗಳ ಸಂಖ್ಯೆಗಳನ್ನೂ ಬರೆದುಕೊಂಡೆ. ಕೋನಕ್ಕೆ 2220, ಡಿಗ್ರಿಗೆ b0, ಪೈಗೆ 3c0. ಆದರೆ ಒಂದು ಪತ್ರಿಕೆಗೆ ನೂರಾರು ಸಲ ಹೀಗೆ ಸಂಖ್ಯೆ ಹೊಡೆಯುತ್ತಾ ಕೂತರೆ ಬೋರ್ಡಿನ ಪರೀಕ್ಷೆಯೇ ಮುಗಿದುಹೋಗುತ್ತಿತ್ತು. ಇನ್ನೂ ಹುಡುಕಿದಾಗ ಕಂಪೋಸ್ ಎಂಬ ಗುಂಡಿಯ ವಿಚಾರ ತಿಳಿಯಿತು. ಕೀಬೋರ್ಡಿನಲ್ಲಿ ಆ ಹೆಸರಿನ ಗುಂಡಿ ಇರುವುದಿಲ್ಲ, ಇರುವುದರಲ್ಲೇ ಒಂದನ್ನು ನಾವೇ ನೇಮಿಸಿಕೊಳ್ಳಬೇಕು. ನಾನು ಕ್ಯಾಪ್ಸ್ ಲಾಕನ್ನು ನೇಮಿಸಿದೆ, ಹೇಗಿದ್ದರೂ ಕನ್ನಡಕ್ಕೆ ಅದರ ಕೆಲಸವಿಲ್ಲ. ಅದನ್ನು ಒತ್ತಿ ಬಿಟ್ಟು, ಆಮೇಲೆ ಎರಡು ಗುಂಡಿ ಒತ್ತಿದರೆ ಎರಡೂ ಕೂಡಿ ಒಂದು ಚಿಹ್ನೆ ಆಗುತ್ತದೆ. o ಎರಡು ಸಲ ಒತ್ತಿದರೆ ಡಿಗ್ರಿ. x ಎರಡು ಸಲ ಒತ್ತಿದರೆ ಗುಣಾಕಾರ. ಒಂದು, ಎರಡು ಒತ್ತಿದರೆ ½.

ಮನೆಯಲ್ಲಿ ಅವ್ವನಿಗೆ ಇದನ್ನು ಹೇಳಿದೆ. ನಮ್ಮದು ನೇಕಾರರ ಮನೆ. ಇಳಕಲ್ ಸೀರೆಯ ಒಡಲಿನ ಹಾಸು, ಎಂದರೆ ಉದ್ದಕ್ಕೆ ಹೂಡಿದ ನೂಲು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಅವ್ವ ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ. ಈಗ ಕಣ್ಣು ಮಂಜಾಗಿದೆ, ಬೆರಳು ಮಾತ್ರ ಸುಮ್ಮನಿರುವುದಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು, ಹಂಗಾದರೆ ಕೊಂಡಿ ಹಾಕಿದಂತೆಯೇ ಅನ್ನು, ಅದಕ್ಕೇಕೆ ಇಷ್ಟು ಉದ್ದ ಹೇಳಿದೆ ಎಂದಳು. ಅಂದಿನಿಂದ ಕ್ಯಾಪ್ಸ್ ಲಾಕ್ ನನಗೆ ಕೊಂಡಿಯ ಗುಂಡಿ. ಅದರ ಮೇಲೆ ಬಿಳಿ ಪೇಂಟಿನಿಂದ ‘ಕೊಂ’ ಎಂದು ಬರೆದಿಟ್ಟಿದ್ದೇನೆ, ಈಗಲೂ ಇದೆ.

ಕೋನಕ್ಕೆ ಮಾತ್ರ ಸಿದ್ಧ ಕೊಂಡಿ ಇರಲಿಲ್ಲ. ನಮಗೆ ಬೇಕಾದ್ದನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಮಶೀನು ಅದನ್ನೂ ಕಲಿತುಕೊಳ್ಳುತ್ತದೆಂದು ಓದಿದೆ. k, o ಒತ್ತಿದರೆ ಕೋನ ಬರಲಿ ಎಂದು ಬರೆದೆ. ಮಶೀನು ಬಂದ್ ಮಾಡಿ ಚಾಲೂ ಮಾಡಿದೆ. ಕೋನ ಬಂತು, ಉಳಿದದ್ದೆಲ್ಲ ಹೋಯಿತು. ಡಿಗ್ರಿ ಇಲ್ಲ, ವರ್ಗ ಇಲ್ಲ, ಗುಣಾಕಾರ ಇಲ್ಲ. ಎರಡು ಪಿರಿಯಡ್ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಯಿತು, ಹಳೆಯದನ್ನೂ ಇಟ್ಟುಕೋ ಎಂದು ಕಡತದ ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ಹೇಳದಿದ್ದರೆ ನಮ್ಮದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅದು ಮರೆತುಬಿಡುತ್ತದೆ. ಆ ಒಂದು ಸಾಲು ಸೇರಿಸಿದ ಮೇಲೆ ಎಲ್ಲ ಮರಳಿ ಬಂದವು. ಸಮರೂಪದ ಚಿಹ್ನೆಗೆ ಕೊಂಡಿಯೂ ಬೇಕಾಗಲಿಲ್ಲ. ಆ ಅಲೆಯಂಥ ಗೆರೆ ಕೀಬೋರ್ಡಿನ ಎಡ ಮೂಲೆಯಲ್ಲೇ ಮೊದಲಿನಿಂದ ಇತ್ತು.

ಮುಂದಿನ ಸಭೆ ಒಂದು ಶನಿವಾರ. ಶುಕ್ರವಾರದ ಹೊತ್ತಿಗೆ ನಾಲ್ಕು ಪುಟದ ಪತ್ರಿಕೆ ಸಿದ್ಧವಾಯಿತು. ವ್ಯಾಖ್ಯೆ, ಹೇಳಿಕೆ ಎಂದು ಸಭೆ ಹೇಳಿದ್ದನ್ನು ನಾನು ಪಾಲಿಸಲಿಲ್ಲ. ವರ್ಗಮೂಲ ಬೇಕಾದಲ್ಲಿ ವರ್ಗಮೂಲ ಹಾಕಿದೆ, ಬೇಕಿಲ್ಲದಲ್ಲೂ ಒಂದೆರಡು ಹಾಕಿದೆನೋ ಏನೋ. ಒಂದು ಕೊರತೆ ಇತ್ತು. ಉದ್ದದ ಸಂಖ್ಯೆಯ ತಲೆಯ ಮೇಲೆ ಎಳೆಯುವ ಗೆರೆ ಈ √ ಚಿಹ್ನೆಗೆ ಬರುವುದಿಲ್ಲ. ಅದಕ್ಕೆ ಸಮೀಕರಣ ಬರೆಯುವ ಬೇರೆಯೇ ಒಂದು ಕಿಟಕಿ ಮಶೀನಿನಲ್ಲಿ ಇದೆಯೆಂದು ಆಮೇಲೆ ಕಲಿತೆ, ಆಗ ತಿಳಿದಿರಲಿಲ್ಲ. ಪೆನ್ನಿನಿಂದ ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಆದರೆ ಈ ಪತ್ರಿಕೆಗೆ ಪೆನ್ನು ಮುಟ್ಟಿಸುವುದಿಲ್ಲವೆಂದು ಹಟ ಹಿಡಿದಿದ್ದೆ. ಗೆರೆಯ ಬದಲು ಕಂಸ ಹಾಕಿದೆ.

ಶಾಲೆಯಲ್ಲಿ ಪ್ರಿಂಟರ್ ಇರಲಿಲ್ಲ, ಅಂಗಡಿಗೇ ಹೋಗಬೇಕು. ಪೆನ್‌ಡ್ರೈವ್ ಕೊಟ್ಟೆ. ಅವರು ಕಡತ ತೆರೆದರು. ನನ್ನ ಚಿಹ್ನೆಗಳಿದ್ದ ಜಾಗದಲ್ಲೆಲ್ಲ ಪುಟ್ಟ ಪುಟ್ಟ ಖಾಲಿ ಚೌಕಗಳು. ನಾನು ಬಳಸಿದ ಫಾಂಟು ಅವರ ಮಶೀನಿನಲ್ಲಿ ಇರಲಿಲ್ಲ, ಇಂಗ್ಲಿಷ್ ಪತ್ರಿಕೆಗೆ ಬಳಸುವ ಅವರ ಹಳೆಯ ಚಿಹ್ನೆಯ ಫಾಂಟು ಇವನ್ನು ಗುರುತಿಸಲಿಲ್ಲ. ಅವರು ಕೀಬೋರ್ಡಿನಿಂದ ಕೈ ತೆಗೆದು, ಕುರ್ಚಿಗೆ ಒರಗಿ, ನಿಧಾನವಾಗಿ ನಕ್ಕರು.

“ನಾ ಬರೀ ತೂತ ಬಿಡತಿದ್ದೆ. ನೀವು ತೂತಿಗೆ ಚೌಕಟ್ಟ ಕೂಡಿಸಿ ತಂದೀರಲ್ರಿ ಮೇಡಮ್ಮರ.”

ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಪೆನ್‌ಡ್ರೈವ್ ಕಿತ್ತುಕೊಂಡು ಶಾಲೆಗೆ ತಿರುಗಿ ನಡೆದೆ. ಬಿಸಿಲು ಸುಡುತ್ತಿತ್ತು. ದಾರಿಯಲ್ಲಿ ಒಂದು ನೆನಪಾಯಿತು. ಸರಕಾರಿ ಆದೇಶಗಳು ಮೊಬೈಲಿಗೆ ಬರುತ್ತವಲ್ಲ, ಅವು ಯಾರ ಮೊಬೈಲಿನಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತವೆ. ಅದು ಪಿಡಿಎಫ್. ಅದರೊಳಗೆ ಅಕ್ಷರಗಳೂ ಕಟ್ಟಿಕೊಂಡೇ ಹೋಗುತ್ತವೆ. ಸಿಪಾಯಿಯಿಂದ ಮತ್ತೆ ಕೀಲಿ ತೆಗೆಸಿದೆ. ಪತ್ರಿಕೆಯನ್ನು ಪಿಡಿಎಫ್ ಮಾಡಿ ಮತ್ತೆ ಅಂಗಡಿಗೆ ಹೋದೆ. ಈ ಸಲ ನಾಲ್ಕೂ ಪುಟ ಇದ್ದ ಹಾಗೆಯೇ ತೆರೆದವು. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಪ್ರಿಂಟು ತೆಗೆದು ಕೈಗೆ ಕೊಟ್ಟರು. ನಾನೇ ಅಂದೆ, ಹೋದ ಸಲದ ತಪ್ಪು ನಿಮ್ಮದಲ್ಲ, ನನ್ನದು, ನಾಳೆ ಸಭೆಯಲ್ಲಿ ಹೇಳುತ್ತೇನೆ ಎಂದು. ಅದು ತಮಗೆ ಗೊತ್ತಿತ್ತು ಎಂದರು. ಮಸುಕಾದ ಹಾಳೆ ನನ್ನ ಚೀಲಕ್ಕೆ ಹೋದದ್ದನ್ನು ಅವರು ಅವತ್ತೇ ನೋಡಿದ್ದರಂತೆ, ಯಾರಿಗೂ ಹೇಳಿರಲಿಲ್ಲ.

ಶನಿವಾರದ ಸಭೆಯಲ್ಲಿ ನಾನು ಮೊದಲು ಮೇಜಿನ ಮೇಲೆ ಇಟ್ಟದ್ದು ಹೊಸ ಪತ್ರಿಕೆಯನ್ನಲ್ಲ, ಆ ಮಸುಕಾದ ಹಾಳೆಯನ್ನು. ಎಲ್ಲರೂ ನೋಡಿದರು. ನನ್ನ ಕೈಬರಹದ ಚಿಹ್ನೆಗಳು ಅದರ ಮೇಲೆ ನೀಟಾಗಿ ಕೂತಿದ್ದವು. ತಪ್ಪು ಹೇಗಾಯಿತೆಂದು ಹೇಳಿದೆ, ಹಿಂದಿನ ಸಭೆಯಲ್ಲಿ ಹೇಳದೆ ಕೂತದ್ದನ್ನೂ ಹೇಳಿದೆ. ಆ ಹುಡುಗಿಯ ಉತ್ತರಪತ್ರಿಕೆ ನೋಡಿದ್ದ ಮಾಸ್ತರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಹಿರಿಯರು, ಆದದ್ದು ಆಯಿತು, ಬಿಡಿ ಎಂದರು. ಅವರಿಗೆ ಅದನ್ನು ಅಲ್ಲಿಗೇ ಮುಗಿಸುವ ಮನಸ್ಸು.

ಬಿಡಲು ನಾನು ಬಂದಿರಲಿಲ್ಲ. ಹುಡುಗಿ ಕ್ಷಮೆ ಕೇಳುವುದಿಲ್ಲ ಎಂದೆ. ಕೆಂಪು ಶಾಯಿಯ ಆ ಮಾತು ಅವಳ ಉತ್ತರಪತ್ರಿಕೆಯಿಂದ ಹೋಗಬೇಕು, ಮೂರು ಪ್ರಶ್ನೆಗಳನ್ನು ಅವಳಿಗೆ ಮತ್ತೆ ಕೊಡಬೇಕು ಎಂದೆ. ಆಮೇಲೆ ಹೊಸ ಪತ್ರಿಕೆ ಇಟ್ಟೆ. ಹಿರಿಯರು ಪುಟ ತಿರುಗಿಸಿದರು. ಸಭೆಯ ಮಾತಿಗೆ ವಿರುದ್ಧವಾಗಿದೆಯಲ್ಲ ಎಂದರು. ಹೌದು ಎಂದೆ. ವರ್ಗಮೂಲದ ಮೇಲೆ ಗೆರೆ ಇಲ್ಲವಲ್ಲ ಎಂದರು. ಕಂಸ ಇದೆ ಎಂದೆ. ಇದನ್ನು ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು.

“ನಮ್ಮ ಸಾಲ್ಯಾಗ ಇದನ್ನ ಕೊಡ್ತೇನಿ ಸರ. ನೀವು ಬ್ಯಾರೆ ಪತ್ರಿಕಿ ಮಾಡ್ಕೋರಿ. ತೂತ ಇದ್ದದ್ದು ನನ್ನ ಮಕ್ಕಳ ಕೈಗೆ ಇನ್ನ ನಾ ಕೊಡೂದಿಲ್ಲ.”

ಸಭೆಯಲ್ಲಿ ಹೀಗೆ ಮಾತಾಡಿದ್ದು ನನ್ನ ನೌಕರಿಯಲ್ಲೇ ಮೊದಲು. ಹಿರಿಯರು ಇನ್ನೊಮ್ಮೆ ಮೊದಲ ಪುಟದಿಂದ ಕೊನೆಯ ಪುಟದ ತನಕ ನೋಡಿದರು. ಅವರೂ ಒಂದು ಕಾಲದ ಗಣಿತ ಮಾಸ್ತರೇ. ಕೊನೆಗೆ, ನಾಲ್ಕನೆಯ ಪುಟದ ಹನ್ನೆರಡನೆಯ ಪ್ರಶ್ನೆಯ ಅಂಕ ಎರಡಲ್ಲ, ಮೂರು ಇರಬೇಕು ಎಂದರು. ತಿದ್ದಿಕೊಂಡೆ. ಒಪ್ಪಿದ್ದೇವೆ ಎಂದು ಅವರು ಬಾಯಿಬಿಟ್ಟು ಹೇಳಲೇ ಇಲ್ಲ, ಪತ್ರಿಕೆಯ ಕೆಳಗೆ ಸಹಿ ಮಾಡಿದರು.

ಪರೀಕ್ಷೆಯ ದಿನ ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಪತ್ರಿಕೆ ಹಂಚಿದ ಕೂಡಲೇ ಮಕ್ಕಳು ಅಭ್ಯಾಸದಂತೆ ಪೆನ್ನಿನ ತುದಿ ಇಟ್ಟು ಸಾಲುಗಳ ಮೇಲೆ ತೂತು ಹುಡುಕತೊಡಗಿದರು. ಒಂದನೆಯ ಪುಟ ಮುಗಿಯಿತು, ಎರಡನೆಯದು ಮುಗಿಯಿತು. ಒಬ್ಬನಂತೂ ಸಿಗಲಿಲ್ಲವೆಂದು ಮತ್ತೆ ಮೊದಲಿನಿಂದ ಹುಡುಕಿದ. ಹುಡುಕುವುದನ್ನು ಬಿಟ್ಟು ಬರೆ ಎಂದು ನಾನೇ ಹೇಳಬೇಕಾಯಿತು. ಹುಡುಗಿ ಮೂರನೆಯ ಬೆಂಚಿನಲ್ಲಿದ್ದಳು. ಅವಳು ಹುಡುಕಲಿಲ್ಲ, ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿ ಬರೆಯಲು ಶುರು ಮಾಡಿದಳು.

ಮರುದಿನ ಅವಳನ್ನು ಕಂಪ್ಯೂಟರ್ ಕೋಣೆಗೆ ಕರೆದೆ. ಹಳೆಯ ಉತ್ತರಪತ್ರಿಕೆ ನನ್ನ ಬಳಿ ಇತ್ತು, ಅದರ ಮೇಲಿದ್ದ ಕೆಂಪು ಮಾತನ್ನು ಬರೆದವರೇ ಹೊಡೆದು ಹಾಕಿ ಸಹಿ ಮಾಡಿದ್ದರು. ಇನ್ನೊಂದು ಹಾಳೆಯಲ್ಲಿ ಆ ಮೂರು ಪ್ರಶ್ನೆಗಳನ್ನು ನಾನೇ ಟೈಪ್ ಮಾಡಿ ಪ್ರಿಂಟು ತಂದಿದ್ದೆ. ತಪ್ಪು ನನ್ನದಾಗಿತ್ತೆಂದು ಅವಳಿಗೆ ಹೇಳಿದೆ. ಹಿಂದೆ ಯಾವ ವಿದ್ಯಾರ್ಥಿಗೂ ನಾನು ಹಾಗೆ ಹೇಳಿರಲಿಲ್ಲ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಹಾಳೆಯನ್ನು ಮುಂದಿಟ್ಟು, ಚಿಹ್ನೆ ಕೊಟ್ಟರೆ ಬರೆಯುತ್ತೇನೆ ಅಂದಿದ್ದೆಯಲ್ಲ, ಇಗೋ ಕೊಟ್ಟಿದ್ದೇನೆ ಎಂದೆ.

ಅವಳು ವಾಲಿಬಾಲಿನ ಬಲೆಯನ್ನು ಪಕ್ಕಕ್ಕೆ ಸರಿಸಿ, ಮುರಿದ ಬೆಂಚಿನ ಗಟ್ಟಿ ಇದ್ದ ತುದಿಯಲ್ಲಿ ಕೂತು ಬರೆದಳು. ನಾನು ಎದುರಿಗೆ ಕೂತು ಕಾದೆ. ಮುಗಿಸಿ ಕೊಟ್ಟಾಗ ಕೆಂಪು ಪೆನ್ನು ತೆಗೆದೆ. ಮೊದಲನೆಯದು ಹನ್ನೊಂದು, ಸರಿ. ಎರಡನೆಯದು ಎರಡು ಮತ್ತು ಮೂರು, ಸರಿ. ಮೂರನೆಯದರಲ್ಲಿ ಬಾಹುಗಳ ಅನುಪಾತವನ್ನು ತಿರುವುಮುರುವು ಹಾಕಿ ಒಂಬತ್ತು ಬರಬೇಕಾದಲ್ಲಿ ನಾಲ್ಕು ತಂದಿದ್ದಳು. ಪೆನ್ನು ಅಲ್ಲೇ ನಿಂತಿತು. ಇಷ್ಟೆಲ್ಲ ಆದ ಮೇಲೆ ಈ ಮಗುವಿಗೆ ತಪ್ಪು ಗುರುತು ಹಾಕುವುದೇ? ಬಿಟ್ಟುಕೊಟ್ಟರೆ ಯಾರು ಕೇಳುತ್ತಿದ್ದರು? ಆದರೆ ಹಾಗೆ ಬಿಟ್ಟುಕೊಟ್ಟರೆ ಅದೂ ಒಂದು ತೂತೇ ಅನ್ನಿಸಿತು. ತಪ್ಪು ಗುರುತು ಹಾಕಿ ಹಾಳೆಯನ್ನು ಅವಳ ಕಡೆ ತಿರುಗಿಸಿದೆ.

ಅವಳು ಬಗ್ಗಿ ಪ್ರಶ್ನೆಯನ್ನು ಒಮ್ಮೆ, ತನ್ನ ಉತ್ತರವನ್ನು ಒಮ್ಮೆ ಓದಿದಳು. ಪೆನ್ನಿನ ತುದಿಯನ್ನು ಸಮರೂಪದ ಚಿಹ್ನೆಯ ಮೇಲೆ ಇಟ್ಟು ತೆಗೆದಳು. ಆಮೇಲೆ ಅವಳ ಮುಖದಲ್ಲಿ, ಆ ತಿಂಗಳಲ್ಲೇ ಮೊದಲ ಸಲ, ನಗು ಕಂಡೆ.

“ಇದು ನಂದ ತಪ್ಪರಿ ಅಕ್ಕಾರ” ಎಂದಳು.